ಐದನೆಯ ತೂತು

ಅಣ್ಣ ಸತ್ತ ಮೇಲೆ ಅವನ ರೈಫಲ್ ನನ್ನ ಪಾಲಿಗೆ ಬಂತು, ಜೊತೆಗೆ ಅದರ ಹಠವೂ. ಟಾರ್ಗೆಟ್ ಕಾಗದದ ನಡುವೆ ನಾಲ್ಕು ಗುಂಡು ಅಚ್ಚುಕಟ್ಟಾಗಿ ಕೂರುತ್ತಿದ್ದವು. ಐದನೆಯದು ಮಾತ್ರ ಬಲಗಡೆ ಮೇಲಿನ ಮೂಲೆಗೆ ಹಾರುತ್ತಿತ್ತು. ಅವನ ಕೈಯಲ್ಲೂ ಹಾಗೆಯೇ. ಐದನೆಯದಕ್ಕೆಂದು ರೈಫಲಿಗೆ ಕೆನ್ನೆ ಒತ್ತಿದಾಗಲೆಲ್ಲ ನನ್ನ ಕತ್ತಿನ ಹಿಂದೆ ಯಾರೋ ಉಸಿರು ಬಿಟ್ಟಂತಾಗಿ ಮೈ ಜುಮ್ಮೆನ್ನುತ್ತಿತ್ತು.

ಅಮ್ಮ ದಿನಾ ಕಾಗದ ಕೇಳುತ್ತಿದ್ದಳು. ಆ ಒಂಟಿ ತೂತಿನ ಮೇಲೆ ಬೆರಳಾಡಿಸಿ, "ಅಣ್ಣ ಬಂದಿದ್ದ ನೋಡು," ಎಂದು ನಗುತ್ತಿದ್ದಳು. ಮಗ ಸತ್ತ ದಿನವೂ ಅಳದವಳು. ಆ ನಗು ಕಂಡರೆ ನನಗೆ ಭಯ.

ಶೂಟಿಂಗ್ ತಂಡದ ಆಯ್ಕೆ ಹತ್ತಿರ ಬಂತು. ಒಂದು ಗುಂಡು ದಾರಿ ತಪ್ಪಿದರೂ ನನ್ನ ಕಥೆ ಮುಗಿದಂತೆಯೇ. ರೈಫಲನ್ನು ಸೋದರಮಾವನ ಬಂದೂಕು ರಿಪೇರಿ ಅಂಗಡಿಗೆ ಒಯ್ದೆ.

"ಬ್ಯಾರಲ್ ಉದ್ದ ಇದ್ದಷ್ಟೂ ಗುರಿ ಚೆನ್ನಾಗಿರತ್ತೆ ಅಂತ ನಿಮ್ಮಣ್ಣ ಈ ಸಣಕಲು ನಳಿಕೆ ಹಾಕಿಸ್ಕೊಂಡ," ಎಂದರು ಮಾವ. "ಬೇಡ ಕಣೋ ಅಂದ್ರೆ ಕೇಳಿದ್ರೆ ತಾನೆ? ಉದ್ದಕ್ಕೆ ಗುಂಡಿನ ವೇಗ ಹೆಚ್ಚತ್ತೆ, ಅಷ್ಟೇ. ಬಿಸಿ ಏರಿದ ಹಾಗೆ ತುದಿ ವಾಲತ್ತೆ, ನಡುಗತ್ತೆ. ಅರ್ಧ ಗೇಣು ಕತ್ತರಿಸಿದ್ರೆ ಗಟ್ಟಿಯಾಗಿ ನಿಲ್ಲತ್ತೆ."

"ಕತ್ತರಿಸಿದ್ರೆ ಅವನು ಹೋಗ್ಬಿಡ್ತಾನೆ ಮಾವ."

ಮಾವ ಕನ್ನಡಕ ತೆಗೆದು ಒರೆಸಿದರು. "ಅವನು ಹೋಗಿ ಆಯ್ತಲ್ಲಮ್ಮ."

ನನಗೆ ಸಿಟ್ಟು ನೆತ್ತಿಗೇರಿತು. ಆದರೂ ಹೂಂ ಅಂದೆ. ಗರಗಸದ ಸದ್ದಿಗೆ ಕಿವಿ ಮುಚ್ಚಿಕೊಂಡೆ. ನಳಿಕೆಯ ಬಾಯಿ ಓರೆಯಾದರೆ ಗುಂಡೂ ಓರೆ ಎನ್ನುತ್ತ ಮಾವ ಅದನ್ನು ಲೇತ್ ಯಂತ್ರಕ್ಕೆ ಕಟ್ಟಿ ತಿರುಗಿಸುತ್ತ ತಾಳ್ಮೆಯಿಂದ ನಯಗೊಳಿಸಿದರು.

ಆಯ್ಕೆಯ ದಿನ ಐದೂ ಗುಂಡು ಒಂದೇ ಕಡೆ ಕೂತವು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮಾತ್ರ ಆ ಉಸಿರಿಗಾಗಿ ಕಾಯುತ್ತ ಗುರಿ ಹಿಡಿದು ಮಲಗಿದ್ದ ನೆಲದಲ್ಲೇ ಇದ್ದೆ. ಅದು ಬರಲಿಲ್ಲ.

ಅಮ್ಮನಿಗೆ ಏನು ತೋರಿಸಲಿ? ಜನ ಚದುರಿದ ಮೇಲೆ ಹೊಸ ಕಾಗದ ಕಟ್ಟಿದೆ. ನಾಲ್ಕು ಗುಂಡು ನಡುವಿಗೆ. ಐದನೆಯದನ್ನು ಬೇಕೆಂದೇ ನಳಿಕೆ ಕತ್ತರಿಸುವ ಮೊದಲಿನ ಕೊನೆಯ ಕಾಗದದಲ್ಲಿ ಒಂಟಿ ತೂತಿದ್ದ ಜಾಗಕ್ಕೆ ಗುರಿಯಿಟ್ಟು ಹೊಡೆದೆ.

ಅಮ್ಮ ಅದರ ಮೇಲೆ ಬೆರಳಿಟ್ಟಳು. ನಗಲಿಲ್ಲ. ಎದ್ದು ಹೋಗಿ ತಾನು ಎತ್ತಿಟ್ಟಿದ್ದ ಆ ಹಳೆಯ ಕಾಗದ ತಂದು, ಎರಡನ್ನೂ ಜೋಡಿಸಿ ಕಿಟಕಿಗೆ ಹಿಡಿದಳು. ತೂತಿನ ಮೇಲೆ ತೂತು ಸರಿಯಾಗಿ ಕೂತು ಆಚೆಯ ಬೆಳಕು ಕಂಡಿತು.

"ಇದು ನೀನು ಹೊಡೆದಿದ್ದು," ಎಂದಳು. "ಅವನು ಯಾವತ್ತೂ ಇಷ್ಟು ಸರಿಯಾಗಿ ತಪ್ತಿರ್ಲಿಲ್ಲ."

ಕಾಗದಗಳನ್ನು ಮಡಿಸಿ ನನ್ನ ಕೈಗಿತ್ತಳು. ಆಮೇಲೆ ನನ್ನ ಹೆಗಲಿಗೆ ಮುಖ ಒತ್ತಿ, ಮೊದಲ ಸಲ ಮಗನ ಹೆಸರು ಹಿಡಿದು ಅತ್ತಳು.