ಬೋರಲು ಗಡಿಗೆ

ನಮ್ಮ ಕಾಲೊನಿಯಲ್ಲಿ ಒಳ್ಳೆಯ ನೆರಳಿರುವುದು ಒಂದೇ ಕಡೆ, ಪ್ರವೇಶದ ಕಮಾನಿನ ಕೆಳಗೆ. ಅಲ್ಲಿ ಯಾರೂ ಸಂಸಾರ ಮಾಡುವುದಿಲ್ಲ. ಮಧ್ಯಾಹ್ನವಾದರೆ ಆಡುಗಳು ಬಂದು ಮಲಗುತ್ತವೆ. ನಾವು ನಲವತ್ತು ಮನೆಯವರು ಸ್ಲ್ಯಾಬಿನ ಕೆಳಗೆ ಬೇಯುತ್ತೇವೆ. ಇದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ, ಬರಲಿ. ಆ ಸಿಟ್ಟಿನಲ್ಲಿ ದೊಡ್ಡ ಪಾಲು ನನ್ನ ಮೇಲೆಯೇ ಇದೆ, ಅದನ್ನೂ ಮುಚ್ಚಿಡುವುದಿಲ್ಲ.

ನವಿಲುತೀರ್ಥದ ಅಣೆಕಟ್ಟು ತುಂಬಿ ನೀರು ಬಿಟ್ಟ ವರ್ಷ ಮಲಪ್ರಭೆ ನಮ್ಮ ಹಳೆ ಊರಿನೊಳಗೆ ಬಂತು. ಮಣ್ಣಿನ ಗೋಡೆಗಳು ಎರಡೇ ದಿನದಲ್ಲಿ ಕುಸಿದವು. ನನ್ನ ಅತ್ತೆ ಬಾಯವ್ವನಿಗೆ ಅದಕ್ಕೂ ಮುಂಚೆಯೇ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು, ಮಾತೂ ತೊದಲಾಗಿತ್ತು. ನನ್ನ ಗಂಡ ಲಕ್ಷ್ಮಣ ಮತ್ತು ನೆರೆಮನೆಯ, ಮನೆ ಕಟ್ಟುವ ಗೌಂಡಿ ಗೌಸಸಾಬ ಕಾಕಾ ಇಬ್ಬರೂ ಸೇರಿ ಅವಳನ್ನು ಬಾಗಿಲ ಹಲಗೆಯ ಮೇಲೆ ಮಲಗಿಸಿ ಎದೆಮಟ್ಟದ ನೀರಿನಲ್ಲಿ ಹೊತ್ತು ತಂದರು. ಆಮೇಲೆ ಮೂರು ವರ್ಷ ತಗಡಿನ ಶೆಡ್ಡು. ಕೊನೆಗೆ ಸುರೇಬಾನದ ಆಚೆಯ ದಿನ್ನೆಯ ಮೇಲೆ ಹೊಸ ಮನೆ ಕಟ್ಟಿಸಿಕೊಡುತ್ತೇವೆ ಎಂದು ಸರ್ಕಾರದವರು ಸಭೆ ಕರೆದರು.

ಸಭೆಗೆ ಬೈಲಹೊಂಗಲದಿಂದ ಶೈಲಜಾ ಎಂಬ ಇಂಜಿನಿಯರು ಬಂದಿದ್ದರು. ಚಿಕ್ಕ ವಯಸ್ಸು, ಚುರುಕು ಮಾತು. ಸ್ಲ್ಯಾಬಿನ ಮೇಲೆ ಮಣ್ಣಿನ ಗಡಿಗೆಗಳನ್ನು ಒತ್ತೊತ್ತಾಗಿ ಜೋಡಿಸಿ, ಸಂದಿಗೆ ಗಾರೆ ತುಂಬಿ, ಮೇಲೆ ಸುಣ್ಣದ ಗಚ್ಚು ಬಳಿದರೆ, ಗಡಿಗೆಯೊಳಗೆ ಸಿಕ್ಕಿಬಿದ್ದ ಗಾಳಿ ಬಿಸಿಲನ್ನು ಕೆಳಗೆ ಇಳಿಯಗೊಡುವುದಿಲ್ಲ ಎಂದರು. ಮನೆಗೆ ಹತ್ತೊಂಬತ್ತು ಸಾವಿರ ಹೆಚ್ಚಿಗೆ ಬೀಳುತ್ತದೆ. ಆದರೆ ಕಮಾನು, ಮುಂಗೋಡೆಯ ಹೊಳೆಯುವ ಟೈಲ್ಸು ಕೈಬಿಟ್ಟರೆ ಆ ದುಡ್ಡು ಅದರಲ್ಲೇ ಹೊಂದುತ್ತದೆ. ಕೂಲರು ಬೇಡ, ಕರೆಂಟು ಬಿಲ್ಲು ಕಡಿಮೆ, ಐದಾರು ಬೇಸಿಗೆಯಲ್ಲಿ ಹಾಕಿದ್ದು ವಾಪಸು ಬರುತ್ತದೆ. ಪರದೆಯ ಮೇಲೆ ಕೆಂಪು ಗೆರೆ, ನೀಲಿ ಗೆರೆ ತೋರಿಸಿದರು. ನಾವು ಗೆರೆ ನೋಡುತ್ತ ಕುಳಿತೆವು.

ಮುಂದಿನ ಸಾಲಿನಲ್ಲಿ ಭರಮಪ್ಪ ಕಾಕಾ ಇದ್ದರು. ಹಿಂದೆ ಪಂಚಾಯ್ತಿ ಮೆಂಬರಾಗಿದ್ದವರು, ಮದುವೆಗೂ ಮಣ್ಣಿಗೂ ಊರಿಗೆಲ್ಲ ಹಿರಿಯರು. ಗಡಿಗೆಯ ಬಾಯಿ ಯಾವ ಕಡೆ ಬರುತ್ತದೆ ಎಂದು ಅವರು ಕೇಳಿದರು.

"ಬೋರಲು ಇಡೋದು," ಎಂದರು ಶೈಲಜಾ.

ನಮ್ಮಲ್ಲಿ ಗಡಿಗೆ ಬೋರಲಾಗುವುದು ಒಂದೇ ದಿನ. ಹೆಣ ಎತ್ತಿದ ಕೂಡಲೇ ಮನೆಯಲ್ಲಿದ್ದ ಕುಡಿಯುವ ನೀರು ಚೆಲ್ಲಿ, ಗಡಿಗೆಯನ್ನು ಹೊಸ್ತಿಲ ಹೊರಗೆ ಬೋರಲು ಹಾಕುತ್ತೇವೆ. ಆ ಮನೆಯಲ್ಲಿ ಸತ್ತವರಿಗೆ ಇನ್ನು ನೀರಿಲ್ಲ ಎಂದು ಅದರ ಅರ್ಥ. ತೊಳೆದ ಗಡಿಗೆಯನ್ನು ಕೂಡ ನಾವು ಓರೆಯಾಗಿ ಒರಗಿಸುತ್ತೇವೆಯೇ ಹೊರತು ಬೋರಲು ಇಡುವುದಿಲ್ಲ. ಇದನ್ನು ಆ ಹುಡುಗಿಗೆ ಯಾರೂ ಹೇಳಿರಲಿಲ್ಲ, ಅವರೂ ಯಾರನ್ನೂ ಕೇಳಿರಲಿಲ್ಲ.

ಗಂಡಸರು ಮುಖ ಮುಖ ನೋಡಿಕೊಂಡರು. ಬಾಯಿ ಬಿಟ್ಟವಳು ನಾನು. ಶೆಡ್ಡಿನಲ್ಲಿ ಮಲಗಿದ್ದ ಅತ್ತೆ ಕಣ್ಣ ಮುಂದೆ ಬಂದಳು, ತಡೆಯಲಾಗಲಿಲ್ಲ.

"ಜೀವ ಇದ್ದವರ ಮನಿ ಮ್ಯಾಲ ಗಡಿಗಿ ಬೋರಲ ಹಾಕ್ತಾರೇನ್ರಿ? ನಮ್ಮತ್ತಿ ಇನ್ನಾ ಬದಕ್ಯಾಳ."

ಹೆಂಗಸರೆಲ್ಲ ಹೌದೌದು ಎಂದರು. ಭರಮಪ್ಪ ಕಾಕಾ ತಲೆಯಾಡಿಸಿದರು. ಅಷ್ಟು ಹೊತ್ತು ಹಿಂದೆ ಕುಳಿತು ಮೊಬೈಲು ತಿಕ್ಕುತ್ತಿದ್ದ ಗುತ್ತಿಗೆದಾರ ತಟ್ಟನೆ ಎದ್ದು, ಜನರ ಭಾವನೆಗಿಂತ ದೊಡ್ಡದು ಯಾವುದೂ ಇಲ್ಲ, ಈಗಲೇ ಠರಾವು ಬರೆದುಬಿಡೋಣ ಎಂದ. ಅವನ ಮುಖದ ಮೇಲಿನ ಖುಷಿ ನನಗೆ ಅವತ್ತು ಭಕ್ತಿಯಂತೆ ಕಂಡಿತು. ಗಡಿಗೆ ಬೇಡ, ಟೈಲ್ಸು ಮತ್ತು ಕಮಾನು ಇರಲಿ ಎಂದು ಠರಾವಾಯಿತು. ಮೂರನೆಯ ಸಹಿ ನನ್ನದು. ಸಭೆಯಲ್ಲಿ ನನ್ನ ಮಾತು ನಡೆಯಿತೆಂದು ಮನೆಗೆ ಬರುವತನಕ ಬೀಗಿದ್ದೆ.

ಶೈಲಜಾ ಲ್ಯಾಪ್‌ಟಾಪು ಮುಚ್ಚಿ, ನಿಮ್ಮ ನಂಬಿಕೆಗೆ ಗೌರವ ಕೊಡುತ್ತೇನೆ ಎಂದು ಕಾರು ಹತ್ತಿದರು. ಆ ಗೌರವಕ್ಕೆ ಬೆಂಕಿ ಹಾಕ. ಒಂದು ತಾಸು ನಮ್ಮೊಡನೆ ಜಗಳವಾಡಿದ್ದರೆ ಸಾಕಿತ್ತು. ಶೆಡ್ಡಿಗೆ ಬಂದು, ಆ ಮನೆಯಲ್ಲಿ ಹಗಲಿಡೀ ಮಲಗಬೇಕಾದವಳು ಯಾರು ಎಂದು ನೋಡಿದ್ದರೆ ಸಾಕಿತ್ತು.

ಗೌಸಸಾಬ ಕಾಕಾ ಮಾತ್ರ ಕೈ ಎತ್ತಿ, ನನ್ನ ಮನೆಗೆ ಗಡಿಗೆ ಇರಲಿ ಎಂದರು. ಒಬ್ಬರಿಗೊಂದು ನಲವತ್ತು ಮಂದಿಗೊಂದು ಮಾಡಲಾಗುವುದಿಲ್ಲ ಎಂದು ಗುತ್ತಿಗೆದಾರ ಕೈಯಾಡಿಸಿದ. ಮನೆ ಕೈಗೆ ಬಂದ ಮೇಲೆ ಕಾಕಾ ತಾವೇ ಗಡಿಗೆ ತಂದು, ತಮ್ಮ ಕೈಯಾರೆ ಹಾಕಿಕೊಂಡರು. ಅವರದು ಇಪ್ಪತ್ನಾಲ್ಕನೇ ನಂಬರು, ನಮ್ಮದು ಇಪ್ಪತ್ಮೂರು.

ಮೊದಲ ಬೇಸಿಗೆಯಲ್ಲೇ ಮನೆಯ ಬಣ್ಣ ಬಯಲಾಯಿತು. ಮುಂಗೋಡೆಯಲ್ಲಿ ಲಕ್ಷ್ಮಿಯ ಚಿತ್ರದ ಟೈಲ್ಸು ಹೊಳೆಯುತ್ತಿತ್ತು, ಒಳಗೆ ಉಸಿರಾಡಲು ಆಗುತ್ತಿರಲಿಲ್ಲ. ಫ್ಯಾನು ಹಾಕಿದರೆ ಬಿಸಿಗಾಳಿ ಮೈಮೇಲೆ ಸುರಿಯುತ್ತಿತ್ತು. ಕಾಲೊನಿಯವರೆಲ್ಲ ಊಟ ಮುಗಿಸಿ ಕಾಲುವೆ ದಂಡೆಯ ಬೇವಿನ ಮರಗಳ ಕೆಳಗೆ ಹೋಗುತ್ತಿದ್ದರು. ಬಾಯವ್ವನನ್ನು ಎಲ್ಲಿಗೆ ಒಯ್ಯುವುದು? ಅರ್ಧ ಮೈಲಿ, ಕಲ್ಲುದಾರಿ. ನಾನು ಸೀರೆ ನೆನೆಸಿ ಹೊದಿಸುತ್ತಿದ್ದೆ, ಅದು ಅರ್ಧ ತಾಸಿನಲ್ಲಿ ಗರಿಗರಿಯಾಗುತ್ತಿತ್ತು. ಬೆವರಿಗೆ ಬೆನ್ನಿನಲ್ಲಿ ಹುಣ್ಣಾದವು. ಎರಡನೆಯ ಬೇಸಿಗೆಗೆ ಹುಣ್ಣು ಮಾಯಲೇ ಇಲ್ಲ. ರಾಮದುರ್ಗದ ಡಾಕ್ಟರು ಬಂದು ನೋಡಿ, ಸ್ಲ್ಯಾಬಿನತ್ತ ಒಮ್ಮೆ ಕಣ್ಣೆತ್ತಿ, ಈ ಕೋಣೆಯಲ್ಲೇ ಇಟ್ಟರೆ ಈಕೆ ಮಳೆಗಾಲ ಕಾಣುವುದಿಲ್ಲ ಎಂದರು. ಆಗಿನ್ನೂ ಏಪ್ರಿಲಿನ ಮೊದಲ ವಾರ.

ಎರಡು ದಿನ ಬಿಟ್ಟು ಗೌಸಸಾಬ ಕಾಕಾನ ಹೆಂಡತಿ ರಹೀಮಬಿ ಕೊಟ್ಟಿದ್ದ ಡಬ್ಬಿ ಮರಳಿಸಲು ಅವರ ಮನೆಗೆ ಹೋದೆ. ಮಧ್ಯಾಹ್ನ ಮೂರು ಗಂಟೆ. ಕುಳಿತುಕೋ ಎಂದರು. ಗೋಡೆಗೆ ಬೆನ್ನು ಕೊಟ್ಟೆ, ತಂಪಾಗಿತ್ತು. ಎರಡು ಮಾರು ಆಚೆ ನಮ್ಮ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು. ಅದೇ ಇಟ್ಟಿಗೆ, ಅದೇ ಸಿಮೆಂಟು, ಅದೇ ಸೂರ್ಯ. ಅಲ್ಲಿಂದ ಎದ್ದವಳು ಮನೆಗೂ ಹೋಗದೆ ರಾಮದುರ್ಗದ ಬಸ್ಸು ಹತ್ತಿದೆ.

ಮನೆ ಕಟ್ಟಿಸಿಕೊಟ್ಟ ಸರ್ಕಾರಿ ಕಚೇರಿಯಲ್ಲಿ ಸಾಹೇಬರು ಕುರ್ಚಿ ಕೊಟ್ಟರು, ನೀರೂ ಕೊಟ್ಟರು. ಸೂರಿನ ಮೇಲೆ ಗಡಿಗೆ ಹಾಕಿಸಿಕೊಡಿ, ಇಲ್ಲದಿದ್ದರೆ ನಮ್ಮ ಮುದುಕಿ ಸಾಯುತ್ತಾಳೆ ಎಂದೆ. ಅವರು ಕಡತ ತರಿಸಿ, ಒಂದು ಹಾಳೆ ತಿರುವಿ ನನ್ನ ಕಡೆ ಸರಿಸಿದರು.

"ಇದು ನಿಮ್ಮ ಸಹಿ ಅಲ್ಲೇನ್ರಿ, ಅವ್ವಾರ?"

ನನ್ನದೇ. ಮಂಜುಳಾ ಎಂದು ದುಂಡಗೆ ಬರೆದಿದ್ದೆ. ಜನ ಬೇಡವೆಂದದ್ದನ್ನು ಸರ್ಕಾರ ಹೇಗೆ ಹಾಕುತ್ತದೆ ಎಂದು ಅವರು ಮೆಲ್ಲಗೆ, ನಗುತ್ತಲೇ ಕೇಳಿದರು. ಹಾಗಾದರೆ ಆ ಹತ್ತೊಂಬತ್ತು ಸಾವಿರದ ಟೈಲ್ಸು ನಮ್ಮ ಗೋಡೆಯ ಮೇಲೆ ಎಲ್ಲಿದೆ, ಒಂದು ಲಕ್ಷ್ಮಿಗೆ ಅಷ್ಟು ದುಡ್ಡೇ ಎಂದು ನಾನು ದನಿ ಎತ್ತಿದೆ. ಕಮಾನನ್ನು ಮರೆಯಬೇಡಿ ಎಂದರು. ಸಾಹೇಬರು ಬೈದಿದ್ದರೆ ನಾನೂ ಬೈಯುತ್ತಿದ್ದೆ. ನಮ್ಮ ನಂಬಿಕೆಯನ್ನು ನಮ್ಮ ಕೊರಳಿಗೇ ಕಟ್ಟಿ, ಇಷ್ಟು ಮರ್ಯಾದೆಯಿಂದ ಹೊರಗೆ ಕಳಿಸುವವರನ್ನು ಏನೆಂದು ಬೈಯುವುದು?

ಸಂಜೆ ಗೌಸಸಾಬ ಕಾಕಾನಿಗೆ ಎಲ್ಲ ಹೇಳಿದೆ. ಮನೆಗೆಲ್ಲ ಬೇಡ, ಮುದುಕಿ ಮಲಗುವ ಕೋಣೆಯ ಮೇಲಷ್ಟೇ ಹಾಕೋಣ, ನೂರಾ ಎಂಬತ್ತು ಗಡಿಗೆ ಸಾಕು ಎಂದರು. ಕುಂಬಾರರ ಆವಿಗೆಯಲ್ಲಿ ಸೀಳು ಬಿಟ್ಟ ಗಡಿಗೆಗಳು ರಾಶಿ ಬಿದ್ದಿರುತ್ತವೆ. ನೀರು ತುಂಬುವುದಿಲ್ಲವಲ್ಲ, ಸೋರಿದರೇನು? ಅವು ಅಗ್ಗದಲ್ಲಿ ಸಿಗುತ್ತವೆ, ಕೂಲಿ ತನಗೆ ಬೇಡ ಎಂದರು.

ಲಕ್ಷ್ಮಣ ಒಪ್ಪಲಿಲ್ಲ. ತಾಯಿ ಇನ್ನೂ ಉಸಿರಾಡುವಾಗಲೇ ಮಗ ಗಡಿಗೆ ಬೋರಲು ಹಾಕಿದ ಎಂದು ಜನ ಉಗಿಯುತ್ತಾರೆ ಎಂದ. ಆ ಉಸಿರು ನಿಲ್ಲುವತನಕ ಕಾಯುತ್ತೀಯಾ ಎಂದು ನಾನು ಕೇಳಿದೆ. ಮಂಚದ ಕಾಲ ಬಳಿ ನಿಂತು, ಅವಳ ತಲೆಯ ಮೇಲೆಯೇ ನಾವಿಬ್ಬರೂ ಜಗಳವಾಡಿದೆವು. ಆಗ ಬಾಯವ್ವ ಎಡಗೈಯಿಂದ ಮಂಚದ ಪಟ್ಟಿಯನ್ನು ಬಡಿದಳು. ಒಂದೊಂದೇ ಮಾತು ಹೊರಡಿಸಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

"ನನ್ನ... ಯಾರ... ಕೇಳಿದ್ರು?"

ಇಬ್ಬರೂ ಕೇಳಿರಲಿಲ್ಲ. ಅವಳ ಹೆಸರಿನಲ್ಲೇ ನಾನು ಸಭೆಯಲ್ಲಿ ಎದ್ದು ನಿಂತಿದ್ದೆ, ಅವಳ ಹೆಸರಿನಲ್ಲೇ ಸಹಿ ಹಾಕಿದ್ದೆ. ಆದರೆ ಬಂದು ಅವಳ ಮುಂದೆ ಕುಳಿತು, ಅತ್ತೆ, ನಿನಗೇನು ಬೇಕು ಎಂದು ಒಂದು ಮಾತು ಕೇಳಿರಲಿಲ್ಲ.

"ಹಾಕ್ರಿ," ಎಂದಳು. "ಬೇಯಾಕತ್ತೇನಿ."

ನಾಲ್ಕು ದಿನ ಕೆಲಸ ನಡೆಯಿತು. ನಾನು ಏಣಿ ಹತ್ತಿ ಗಡಿಗೆ ಎತ್ತಿಕೊಟ್ಟೆ, ಕಾಕಾ ಜೋಡಿಸಿದರು, ಎರಡನೆಯ ದಿನ ಲಕ್ಷ್ಮಣನೂ ತಲೆ ತಗ್ಗಿಸಿ ಬಂದು ಗಾರೆ ಕಲಸಿದ. ಭರಮಪ್ಪ ಕಾಕಾ ಕೆಳಗೆ ನಿಂತು, ಕೈಯಾರೆ ಕೇಡು ತಂದುಕೊಳ್ಳುತ್ತಿದ್ದೀರಿ ಎಂದು ಹೇಳಿ ಹೋದರು. ಹೆಂಗಸರು ನಮ್ಮ ಮನೆಯ ಮುಂದಿನ ದಾರಿ ಬಿಟ್ಟು ಸುತ್ತು ಹಾಕಿ ನಡೆದರು. ಸುಣ್ಣದ ಗಚ್ಚು ಒಣಗಿದ ಮಾರನೆಯ ಮಧ್ಯಾಹ್ನ ಬಾಯವ್ವ ಮೂರು ಗಂಟೆಗೆ ನಿದ್ದೆ ಹೋದಳು. ಎರಡು ಬೇಸಿಗೆಯಲ್ಲಿ ಅವಳು ಹಗಲು ನಿದ್ದೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹುಣ್ಣು ಮಾಯ್ದವು. ಮೇ ಕಳೆಯಿತು. ಮೊದಲ ಮಳೆಗೆ ಮಂಚವನ್ನು ಬಾಗಿಲಿಗೆ ಸರಿಸಲು ಹೇಳಿ, ಎಡಗೈ ಹೊರಗೆ ಚಾಚಿ ತೋಯಿಸಿಕೊಂಡಳು. ಡಾಕ್ಟರು ಕಾಣುವುದಿಲ್ಲ ಎಂದಿದ್ದ ಮಳೆಗಾಲವನ್ನು ಎರಡು ತಿಂಗಳು ಕಂಡಳು. ಶ್ರಾವಣದಲ್ಲಿ ಒಂದು ಬೆಳಿಗ್ಗೆ ಚಹಾ ಕುಡಿದು ಮಗ್ಗುಲಾದವಳು ಮತ್ತೆ ಏಳಲಿಲ್ಲ.

ಊರೆಲ್ಲ ಬಂತು. ಅಂಗಳದಲ್ಲಿ ನಿಂತು ಎಲ್ಲರೂ ಮಾತಾಡಿಕೊಂಡದ್ದು ಒಂದೇ, ಗಡಿಗೆ ಹಾಕಿ ಐದು ತಿಂಗಳಾಗಿಲ್ಲ, ನೋಡಿ. ನನಗೆ ಕೇಳಲೆಂದೇ ಆಡಿದರು. ಅತ್ತೆಯ ತಲೆ ತೊಡೆಯ ಮೇಲಿದ್ದುದರಿಂದ ನಾನು ಏಳಲಿಲ್ಲ. ಎದ್ದಿದ್ದರೆ ಒಬ್ಬೊಬ್ಬರ ರಟ್ಟೆ ಹಿಡಿದು ಕೋಣೆಯೊಳಗೆ ಎಳೆದುತಂದು, ಹುಣ್ಣು ಮಾಯ್ದ ಬೆನ್ನು ತೋರಿಸುತ್ತಿದ್ದೆ.

ಹೆಣ ಎತ್ತಿದರು. ಮುಂದೆ ಲಕ್ಷ್ಮಣ ಹೆಗಲು ಕೊಟ್ಟ, ಹಿಂದೆ ಗೌಸಸಾಬ ಕಾಕಾ. ಅಂಗಳ ದಾಟುತ್ತಿದ್ದಂತೆ ಭರಮಪ್ಪ ಕಾಕಾ ಹೊಸ್ತಿಲ ಬಳಿ ನಿಂತು, ನೀರು ಚೆಲ್ಲಿ ಗಡಿಗೆ ಬೋರಲು ಹಾಕು ಎಂದು ನನಗೆ ಹೇಳಿದರು. ಹೆಂಗಸರು ದಾರಿ ಬಿಟ್ಟು ನಿಂತರು. ಗಡಿಗೆ ತುಂಬಿತ್ತು, ಬೆಳಿಗ್ಗೆ ಅವಳ ಚಹಾಕ್ಕೆ ಅದರಿಂದಲೇ ನೀರು ತೆಗೆದಿದ್ದೆ.

"ಮ್ಯಾಲ ನೂರಾ ಎಂಬತ್ತ ಹಾಕೇನ್ರಿ, ಕಾಕಾ," ಎಂದೆ. "ಇನ್ನೊಂದ ಹಾಕಾಂಗಿಲ್ಲ."

ಅವರು ನನ್ನ ಮುಖ ನೋಡಿ ಹೆಣದ ಹಿಂದೆ ಹೋದರು. ನಾನು ಗಡಿಗೆಗೆ ಮುಚ್ಚಳ ಮುಚ್ಚಿ, ಒಳಗೆ ಬಂದು ಖಾಲಿ ಮಂಚದ ಮೇಲೆ ಕುಳಿತೆ. ಕೋಣೆ ತಂಪಾಗಿತ್ತು. ಮೊದಲ ದಿನದಿಂದಲೂ ಹೀಗೇ ಇರಬಹುದಿತ್ತು.