ಬಿಳಿಯಂಗಿ

ಟೈಪಿಸ್ಟ್‌ಗೆ ಬೇಡ ಎನ್ನುವ ಬಾಯಿ ಇರಲಿಲ್ಲ. ರೇಡಿಯೊ ನಾಟಕ ಬರೆಯುವ ಆ ಕೋಣೆಯಲ್ಲಿ ಬೇಕಿದ್ದದ್ದು ಅಂಥ ಬಾಯೊಂದೇ. ಖಳನಿಗೆ ಹೆಸರಿಡುವಾಗ ಹಿರಿಯ ಬರಹಗಾರ ಮೇಜಿನ ಸುತ್ತ ಕೂತವರನ್ನೆಲ್ಲ ಸರದಿಯಂತೆ ಕೇಳುತ್ತಿದ್ದ. ಒಬ್ಬರು ಬೇಡವೆಂದರೂ ಹೆಸರು ಬಿದ್ದುಹೋಗುತ್ತಿತ್ತು.

ಅವತ್ತಿನ ಖಳ ಕುಡಿಯುವವನಲ್ಲ, ಕದಿಯುವವನಲ್ಲ. ಊರನ್ನೆಲ್ಲ ತಿದ್ದಲು ಹೊರಟವನು. ಕಂಡವರ ಬೆನ್ನು ಮುರಿದು ಬಂದು ನೆಮ್ಮದಿಯಾಗಿ ಗೊರಕೆ ಹೊಡೆಯುವವನು. ಮುಂದಿನ ನಾಟಕಗಳಲ್ಲೂ ಇಂಥವರು ಬರುತ್ತಾರೆ, ಈ ನಮೂನೆಗೇ ಒಂದು ಹೆಸರು ಹುಡುಕಿ ಎಂದಿದ್ದ ಹಿರಿಯ. ಯಾರೋ ಬೈಬಲ್ಲಿನ ಡಾಂಭಿಕ, ಫರಿಸಾಯ ಎಂದರು. ಸವೆದು ಹೋಗಿದೆ ಎಂದ. ಇನ್ನೊಬ್ಬರು ವಿಲಾಯಿತಿಯ ಮಡಿವಂತರ ಹೆಸರು, ಪ್ಯೂರಿಟನ್ ಎಂದರು. ಸಾಬೂನು ಅಂದುಕೊಳ್ಳುತ್ತಾರೆ ಎಂದ. ಕೊನೆಗೆ ತಾನೇ ಹಳೇ ಚರಿತ್ರೆಯ ಪುಸ್ತಕ ತೆರೆದ. ಮುನ್ನೂರು ವರ್ಷದ ಹಿಂದೆ ಇದೇ ಊರಿನ ಚೌಕದಲ್ಲಿ ಕುಡುಕರನ್ನು ಕಟ್ಟಿ ಹೊಡೆಸುತ್ತಿದ್ದ ಪಂಗಡವೊಂದಿತ್ತು. ಬಿಳಿಯಂಗಿಯವರು.

"ಈಗ ಒಬ್ಬರೂ ಉಳಿದಿಲ್ಲ. ಬೈದರೆ ತಿರುಗಿ ಬೈಯೋರಿಲ್ಲ," ಎಂದು ಟೈಪಿಸ್ಟ್ ಕಡೆ ತಿರುಗಿದ. "ಏನಮ್ಮಾ, ನಿಂಗೇನಾದ್ರೂ ಅಡ್ಡಿ ಇದೆಯಾ?"

ಬಿಳಿಯಂಗಿಯವರ ಏಳು ಮನೆ ಇನ್ನೂ ಉಳಿದಿದ್ದವು, ಅಕ್ಕಪಕ್ಕದವರಿಗಷ್ಟೇ ಗೊತ್ತಿದ್ದವು. ಒಂದು ಅವಳದು. ಕೆಲಸಕ್ಕೆ ಸೇರಿ ಮೂರು ತಿಂಗಳಾದರೂ ಆ ಮೇಜಿನಲ್ಲಿ ಅವಳನ್ನು ಕಣ್ಣೆತ್ತಿ ನೋಡಿದವರಿರಲಿಲ್ಲ. ಈಗ ಎಲ್ಲರ ಮುಖವೂ ಅವಳ ಕಡೆಗಿತ್ತು.

"ಏನಿಲ್ಲ ಸರ್."

ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಇಂಥವನು ಹೊಡೆಯುವುದನ್ನು ರೇಡಿಯೊದಲ್ಲಿ ಹೇಗೆ ಕೇಳಿಸುವುದೆಂದು ಸದ್ದು ಮಾಡುವವನು ತಲೆ ಕೆರೆದುಕೊಂಡಾಗ ಅವಳ ನಾಲಿಗೆ ತುರಿಸಿತು.

"ಅವನನ್ನ ದರ್ಜಿ ಮಾಡಿ ಸರ್. ಸೂಜಿ ಚುಚ್ಚದ ಹಾಗೆ ಬೆರಳಿಗೆ ಕಬ್ಬಿಣದ ಟೋಪಿ ಹಾಕ್ಕೊಂಡಿರ್ತಾನಲ್ಲ, ಹೊಡೆಯೋಕೆ ಮುಂಚೆ ಅದನ್ನ ತೆಗೆದು ಮೇಜಿನ ಮೇಲಿಡ್ತಾನೆ. ಟಕ್ ಅಂತ. 'ನಿನ್ನ ಒಳ್ಳೇದಕ್ಕೇ' ಅಂತಾನೆ. ಆಮೇಲೆ ಬಾರಿಸ್ತಾನೆ."

"ಯಾಕೆ ತೆಗೀತಾನೆ?"

ಕೆನ್ನೆಗೆ ಗಾಯವಾಗಬಾರದೆಂದು. ಅದು ಅವಳ ಕೆನ್ನೆಗೇ ಗೊತ್ತಿತ್ತು.

"ಟೋಪಿ ನಗ್ಗಬಾರದಲ್ಲ ಸರ್," ಎಂದಳು.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಹಿರಿಯ ತನ್ನ ಪಕ್ಕಕ್ಕೆ ಕುರ್ಚಿ ಎಳೆದು ಅವಳನ್ನು ಕೂರಿಸಿಕೊಂಡ.

ನಾಟಕ ಬಂದ ಸಂಜೆ ಅಪ್ಪ ಕೋಟಿಗೆ ತೋಳು ಕೂರಿಸುತ್ತಿದ್ದ. ಬಿಳಿಯಂಗಿ ಎಂದಾಗ ತಲೆ ಎತ್ತಿದ. ಟಕ್ ಎಂದಾಗ ಅವನ ಸೂಜಿ ನಿಂತಿತು. ಟೋಪಿ ನಗ್ಗುವ ಮಾತಿಗೆ ರೇಡಿಯೊದೊಳಗೆ ಯಾರೋ ಕಿಸಕ್ಕನೆ ನಕ್ಕರು. ಅಪ್ಪ ಎದ್ದು ರೇಡಿಯೊ ಆರಿಸಿದ.

"ನಗ್ಗಬಾರದು ಅಂತ ತೆಗೀತಿದ್ನಾ ನಾನು, ಮಗಳೇ?"



ಮಾರನೆಯ ದಿನದಿಂದ ಶಾಲೆ ಬಿಟ್ಟ ಮಕ್ಕಳು ಅಪ್ಪನ ಅಂಗಡಿಯ ಕದಕ್ಕೆ ಕಲ್ಲಿನಿಂದ ಟಕ್ ಎನಿಸಿ, ನಿನ್ನ ಒಳ್ಳೇದಕ್ಕೇ ಎಂದು ಕೂಗಿ ಓಡತೊಡಗಿದರು. ಸಮವಸ್ತ್ರ ಹೊಲಿಸುತ್ತಿದ್ದ ಶಾಲೆಗಳು ಬಟ್ಟೆ ವಾಪಸ್ ತರಿಸಿಕೊಂಡವು. ಬಿಳಿಯಂಗಿಯ ಕೈಗೆ ಅಳತೆ ಕೊಡಲು ಮಕ್ಕಳು ಹೆದರುತ್ತಾರಂತೆ. ಹೆಸರು ಊರಿನ ಬಾಯಲ್ಲಿ ಕೂತಿತು. ಇನ್ನೂ ಮೂರು ನಾಟಕಗಳಲ್ಲಿ ಬಿಳಿಯಂಗಿಗಳು ಬಂದರು, ಅವರ ಮಾತುಗಳನ್ನು ಅವಳೇ ಬರೆದಳು. ಅಪ್ಪ ಕಬ್ಬಿಣದ ಟೋಪಿ ಬಿಟ್ಟು ಬರಿ ಬೆರಳಲ್ಲಿ ಹೊಲಿಯುತ್ತಿದ್ದ. ಬಿಳಿ ಬಟ್ಟೆಯಾದರೆ ರಕ್ತದ ಚುಕ್ಕೆ ಕಾಣುತ್ತಿತ್ತು.

ವರ್ಷ ತುಂಬುವಷ್ಟರಲ್ಲಿ ಏಳು ಮನೆಗಳಲ್ಲಿ ಐದು ಊರು ಬಿಟ್ಟವು. ಅಪ್ಪನ ಕೈಯಿಂದ ಮೂರು ಶಾಲೆ ಹೋದವು. ಜೊತೆಗೆ ಒಂದು ಕಬ್ಬಿಣದ ಟೋಪಿ.