ಗೈಡಮ್ಮನ ಅಮ್ಮ

ಶೀನಿಂಗ್‌ನಿಂದ ಹೊರಟು, ಉಪ್ಪಿನ ಸರೋವರ, ಮರಳುಗಾಡು, ದುನ್‌ಹುವಾಂಗ್‌ನ ಗುಹೆಗಳು, ಬಣ್ಣದ ಗುಡ್ಡಗಳು ಎಲ್ಲವನ್ನೂ ಸುತ್ತಿ ಮತ್ತೆ ಶೀನಿಂಗ್‌ಗೇ ಬಂದು ಸೇರುವ ದಾರಿಯಲ್ಲಿ ನಾನು ಬಹಳ ವರ್ಷಗಳಿಂದ ವ್ಯಾನು ಓಡಿಸುತ್ತಿದ್ದೇನೆ. ದೊಡ್ಡ ಬಸ್ಸಿನಲ್ಲಿ ಜನರನ್ನು ತುಂಬಿಕೊಂಡು ಹೋಗುವವರು ಬೇರೆ. ನಮ್ಮದು ಸಣ್ಣ ಗುಂಪು. ಏಳೋ ಎಂಟೋ ಜನ, ಒಬ್ಬ ಗೈಡು, ಮತ್ತೆ ನಾನು. ದೊಡ್ಡ ಬಸ್ಸಿನಲ್ಲಿ ಒಬ್ಬರ ಮುಖ ಇನ್ನೊಬ್ಬರಿಗೆ ಪರಿಚಯವಾಗುವಷ್ಟರಲ್ಲಿ ಪ್ರವಾಸವೇ ಮುಗಿದಿರುತ್ತದೆ. ನಮ್ಮ ವ್ಯಾನಿನಲ್ಲಿ ಹಾಗಲ್ಲ. ಯಾರು ಗೊರಕೆ ಹೊಡೆಯುತ್ತಾರೆ, ಯಾರಿಗೆ ಸೊಸೆಯನ್ನು ಕಂಡರೆ ಆಗುವುದಿಲ್ಲ ಎಂಬುದೆಲ್ಲ ಬೇಗನೆ ಗೊತ್ತಾಗಿಬಿಡುತ್ತದೆ.

ಆ ಜುಲೈಯಲ್ಲಿ ನನ್ನ ಜೊತೆಗಿದ್ದ ಗೈಡು ಶ್ವೇ ಟಿಂಗ್. ಮೂವತ್ತು ದಾಟಿದ ಹುಡುಗಿ, ಮದುವೆಯಾಗಿಲ್ಲ, ಸಣ್ಣ ಆಳು, ದೊಡ್ಡ ದನಿ. ಹೋಟೆಲಿನ ಮುಂದೆ ಬೆಳಗ್ಗೆ ನಿಂತು ಒಬ್ಬೊಬ್ಬರನ್ನೇ ಹೆಸರು ಕೇಳಿ ಹತ್ತಿಸುತ್ತಿದ್ದಳು. ಕೈಫೆಂಗ್‌ನ ನಿವೃತ್ತ ಶಿಕ್ಷಕರಾದ ಪಾಂಗ್ ಮೇಷ್ಟ್ರು ಮತ್ತು ಅವರ ಹೆಂಡತಿ ಮೊದಲು ಹತ್ತಿದರು. ಆಮೇಲೆ ವೂಶಿಯ ಇಬ್ಬರು ಗೆಳತಿಯರು. ಅವರಲ್ಲಿ ಯೂ ಅಕ್ಕ ಅನ್ನುವಾಕೆ ಫೋಟೋಕ್ಕೆಂದು ಒಂದು ಚೀಲದ ತುಂಬ ಬಣ್ಣಬಣ್ಣದ ಸ್ಕಾರ್ಫುಗಳನ್ನು ತಂದಿದ್ದಳು. ಹೊಸದಾಗಿ ಮದುವೆಯಾದ ಜೋಡಿಯೊಂದು ಹಿಂದಿನ ಸೀಟಿಗೆ ಹೋಗಿ ಕೂತದ್ದೇ ನಿದ್ದೆ ಹೋಯಿತು. ಕೊನೆಯಲ್ಲಿ ಕೆಂಪು ಪೆಟ್ಟಿಗೆ ಎಳೆದುಕೊಂಡು ಒಬ್ಬ ಹೆಂಗಸು ಬಂದಳು. ಅರವತ್ತರ ಆಸುಪಾಸು, ಮೋಟಾಗಿ ಕತ್ತರಿಸಿದ ಕೂದಲು.

ಅವಳನ್ನು ನೋಡಿ ಟಿಂಗ್‌ಳ ಮುಖ ಸುಣ್ಣದ ಹಾಗಾಯಿತು.

“ಡೌ ಗುಯಿಫಾಂಗ್,” ಎಂದು ಆ ಹೆಂಗಸು ತಾನೇ ಹೆಸರು ಹೇಳಿದಳು. “ಲೇಟಾಯ್ತಾ ಗೈಡಮ್ಮ?”

“ಇಲ್ಲ... ಹತ್ತಿ,” ಎಂದಳು ಟಿಂಗ್. ದೊಡ್ಡ ದನಿ ಎಲ್ಲಿ ಹೋಯಿತೋ.

ವಿಷಯ ನನಗೆ ಗೊತ್ತಾದದ್ದು ಪೆಟ್ರೋಲ್ ಬಂಕಿನಲ್ಲಿ. ವ್ಯಾನಿನ ಹಿಂದೆ ಚಕ್ರ ನೋಡುತ್ತಿದ್ದೆ. ಗೋಡೆಯ ಆಚೆ ಇಬ್ಬರೂ ಜಗಳವಾಡುತ್ತಿದ್ದರು.

“ಅಮ್ಮಾ, ಏನಿದು ನಿನ್ನ ಆಟ? ಬರ್ತೀನಿ ಅಂತ ಒಂದು ಮಾತು ಹೇಳೋಕಾಗ್ತಿರ್ಲಿಲ್ವಾ?”

“ಹೇಳಿದ್ರೆ ಬೇಡ ಅಂತಿದ್ದೆ. ಮತ್ತೆ ಅಮ್ಮ ಅನ್ಬೇಡ. ನಾನೂ ದುಡ್ಡು ಕೊಟ್ಟು ಬಂದಿದೀನಿ. ಎಲ್ಲಾರ್ನೂ ಏನಂತ ಕರೀತೀಯೋ ನನ್ನೂ ಹಂಗೇ ಕರಿ.”

“ಎಲ್ಲಾರ್ನೂ ಚಿಕ್ಕಮ್ಮ ಅಂತೀನಿ!”

“ಹಂಗಾದ್ರೆ ನಾನೂ ಚಿಕ್ಕಮ್ಮ.”

“ಯಾಕೆ ಬಂದೆ ಅದನ್ನ ಹೇಳು.”

“ನೀನು ಮಾಡೋ ಕೆಲಸ ಏನು ಅಂತ ಕಣ್ಣಾರೆ ನೋಡೋಕೆ.”

ಆಮೇಲೆ ಟಿಂಗ್ ಮುಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತು, ಹಲ್ಲು ಕಚ್ಚಿಕೊಂಡು, ಮೆಲ್ಲಗೆ ಎಲ್ಲ ಹೇಳಿದಳು. ಅವಳ ಊರು ತಿಯಾನ್‌ಶುಯಿ ಹತ್ತಿರದ ಒಂದು ಸಣ್ಣ ಪಟ್ಟಣ. ತಾಯಿ ಅಲ್ಲಿ ಶಾಲೆಯ ಮಕ್ಕಳ ಬಟ್ಟೆ ಹೊಲಿಯುತ್ತಾಳೆ. ತಾಯಿಯ ನಾದಿನಿ, ಅಂದರೆ ಟಿಂಗ್‌ಳ ಸೋದರತ್ತೆ, ಹಿಂದೊಮ್ಮೆ ಅಗ್ಗದ ಪ್ರವಾಸಕ್ಕೆ ಹೋಗಿದ್ದಳಂತೆ. ಆ ಗೈಡು ಎಲ್ಲರನ್ನೂ ಹಸಿರು ಕಲ್ಲಿನ ಒಡವೆ ಅಂಗಡಿಯೊಂದರಲ್ಲಿ ಕೂಡಿಹಾಕಿ, ಕೊಳ್ಳದೆ ಹೋದರೆ ಬಸ್ಸು ಹೊರಡುವುದಿಲ್ಲ ಎಂದು ಬೈದು, ಕೆಲಸಕ್ಕೆ ಬಾರದ ಬಳೆಯೊಂದನ್ನು ದುಬಾರಿ ಬೆಲೆಗೆ ಅವಳ ಕೈಗೆ ತೊಡಿಸಿ ಕಳಿಸಿದ್ದ. ಅಂದಿನಿಂದ ನಾದಿನಿ ಮದುವೆಮನೆಗಳಲ್ಲಿ ಗೈಡುಗಳೆಂದರೆ ಹಗಲುದರೋಡೆಯವರು ಎಂದು ಸಾರುತ್ತಿದ್ದಳು. ತಾಯಿ ಆ ಮಾತಿಗೆ ಬಾಯಿ ಬಿಡದೆ, ನನ್ನ ಮಗಳು ಆಫೀಸಿನಲ್ಲಿದ್ದಾಳೆ ಎಂದು ಹೇಳಿಕೊಂಡು ಬಂದಿದ್ದಳು.

“ಈಗ ನಾನು ಕಳ್ಳಿನಾ ಅಲ್ವಾ ಅಂತ ಪರೀಕ್ಷೆ ಮಾಡೋಕೆ ಬಂದವ್ಳೆ, ತುವೋ ಅಣ್ಣ,” ಎಂದಳು ಟಿಂಗ್.

“ಮಾಡ್ಲಿ ಬಿಡಮ್ಮ. ನಾವೇನು ಬಚ್ಚಿಟ್ಟಿದೀವಿ?”

ಡೌ ಗುಯಿಫಾಂಗ್ ನಿಜವಾಗಿಯೂ ಪೊಲೀಸರ ಹಾಗೆ ನೋಡುತ್ತಿದ್ದಳು. ವ್ಯಾನು ನಿಂತಲ್ಲೆಲ್ಲ, “ಇಲ್ಲಿ ಅಂಗಡಿಗೇನಾದ್ರೂ ಕರ್ಕೊಂಡ್ ಹೋಗ್ತೀರಾ ಗೈಡಮ್ಮ?” ಎನ್ನುತ್ತಿದ್ದಳು. “ಇಲ್ಲ ಚಿಕ್ಕಮ್ಮ, ಇಲ್ಲಿರೋದು ಬರೀ ಶೌಚಾಲಯ,” ಎಂದು ಮಗಳು ಉತ್ತರಿಸುತ್ತಿದ್ದಳು. ರಸ್ತೆ ಬದಿಯಲ್ಲಿ ಯಾಕ್ ಮೊಸರು ಮಾರುವವಳು ಟಿಂಗ್‌ಳನ್ನು ಹೆಸರು ಹಿಡಿದು ಕರೆದಾಗ ಆಕೆ ಹುಬ್ಬು ಗಂಟಿಕ್ಕಿ ಹತ್ತಿರ ಹೋಗಿ ನಿಂತಳು. ಟಿಂಗ್ ತನ್ನ ಮೊಸರಿಗೆ ತಾನೇ ಕಾಸು ಕೊಟ್ಟದ್ದನ್ನು ನೋಡಿದ ಮೇಲೆಯೇ ವಾಪಸು ಬಂದು ಕೂತದ್ದು.

ಆದರೆ ಟಿಂಗ್‌ಳಿಗೆ ನಿಜವಾದ ಕಾಟ ಅಮ್ಮನದಾಗಿರಲಿಲ್ಲ, ಪಾಂಗ್ ಮೇಷ್ಟ್ರದಾಗಿತ್ತು. ಅವರಿಗೆ ಒಂದೂ ಸರಿಬರುತ್ತಿರಲಿಲ್ಲ. ಕಿಟಕಿಯ ಗಾಜು ಕೊಳೆಯಾಗಿದೆ ಎಂದು ನನ್ನಿಂದ ಮತ್ತೆ ಮತ್ತೆ ಒರೆಸಿಸಿದರು. ಚಾಕಾದ ಉಪ್ಪಿನ ಸರೋವರದಲ್ಲಿ ಅಂದು ಮೋಡ. ನೀರಿನಲ್ಲಿ ಆಕಾಶ ಕಾಣಬೇಕಾದ ಕಡೆ ಬೂದಿ ಬಣ್ಣವಷ್ಟೇ ಇತ್ತು.

“ಜಾಹೀರಾತಲ್ಲಿ ಕನ್ನಡಿ ಥರ ಇತ್ತಲ್ಲ? ಇದೇನು ಪಾತ್ರೆ ತೊಳೆದ ನೀರು?”

“ಮೋಡ ಸರಿದ್ರೆ ಕಾಣುತ್ತೆ ಮೇಷ್ಟ್ರೇ. ಸ್ವಲ್ಪ ಕಾಯೋಣ,” ಎಂದಳು ಟಿಂಗ್.

ಕಾದೆವು. ಮೋಡ ಸರಿಯಲಿಲ್ಲ. ಯೂ ಅಕ್ಕ ಮಾತ್ರ ಕೆಂಪು ಸ್ಕಾರ್ಫು ಬೀಸಿಕೊಂಡು ಉಪ್ಪಿನ ಮೇಲೆ ಕುಣಿದಳು. ಮೇಷ್ಟ್ರ ಹೆಂಡತಿ ಗಂಡನ ತೋಳು ಹಿಡಿದು ಸುಮ್ಮನೆ ನಿಂತಿದ್ದರು. ಅವರು ಹೆಚ್ಚು ಮಾತಾಡುವವರಲ್ಲ.

ಆ ಸಂಜೆ ನನ್ನ ಪರಿಚಯದ ಹ್ವೇ ಮುಸಲ್ಮಾನರ ಅಂಗಡಿಯಲ್ಲಿ ಎಲ್ಲರೂ ಕುರಿಮಾಂಸದ ನೂಡಲ್ಸಿಗೆ ಕೂತೆವು. ಟಿಂಗ್ ಎಲ್ಲರಿಗೂ ಬಡಿಸುವುದು ಮುಗಿಸಿ, ಹೋಟೆಲಿಗೆ ಫೋನು ಮಾಡಿ, ಕಡೆಗೆ ಬಂದು ಕೂತಳು. ಅವಳ ಬಟ್ಟಲು ಮುಂದೆ ಬಂದದ್ದೇ ಡೌ ಗುಯಿಫಾಂಗ್, ಪಕ್ಕದವರೊಡನೆ ಬಟ್ಟೆಯ ರೇಟಿನ ಮಾತಾಡುತ್ತಲೇ, ಊಟದ ಕಡ್ಡಿ ಚಾಚಿ ಮಗಳ ಬಟ್ಟಲಿನ ಕೊತ್ತಂಬರಿಯನ್ನೆಲ್ಲ ಆರಿಸಿ ತನ್ನ ಬಟ್ಟಲಿಗೆ ಹಾಕಿಕೊಂಡಳು. ಟಿಂಗ್ ಫೋನು ನೋಡುತ್ತಲೇ ತಿನ್ನತೊಡಗಿದಳು. ಇಬ್ಬರಿಗೂ ಏನಾಯಿತೆಂದು ಅರಿವಿಲ್ಲ. ಯೂ ಅಕ್ಕ ನನ್ನ ಮುಖ ನೋಡಿದಳು. ಹೊಸ ಮದುಮಗಳು ಗಂಡನನ್ನು ಮೊಣಕೈಯಿಂದ ತಿವಿದಳು. ಪಾಂಗ್ ಮೇಷ್ಟ್ರು ಮಾತ್ರ ಮಾಂಸ ಕಮ್ಮಿಯೆಂದು ಅಂಗಡಿಯವನ ಹತ್ತಿರ ವಾದಕ್ಕೆ ನಿಂತಿದ್ದರು.

ಅಂದಿನಿಂದ ವ್ಯಾನಿನಲ್ಲಿ ಒಂದು ನಾಟಕವೇ ನಡೆಯಿತು. “ಚಿಕ್ಕಮ್ಮ” ಎಂದು ಟಿಂಗ್ ಕರೆದಾಗಲೆಲ್ಲ ಯೂ ಅಕ್ಕ ಕಿಟಕಿಯ ಕಡೆ ತಿರುಗಿ ನಗು ನುಂಗುತ್ತಿದ್ದಳು. ಯಾರೂ ಬಾಯಿ ಬಿಡಲಿಲ್ಲ.

ದುನ್‌ಹುವಾಂಗ್‌ಗೆ ಹೋಗುವ ದಿನ ಗ್ರಹಚಾರ ಕೆಟ್ಟಿತು. ಹಿಂದಿನ ಸಂಜೆ ಬೆಟ್ಟದ ಮೇಲೆ ಸುರಿದ ಮಳೆಯ ನೀರು ಮರಳುಗಾಡಿಗೆ ನುಗ್ಗಿ ರಸ್ತೆಯ ಒಂದು ತುಂಡನ್ನೇ ಕೊಚ್ಚಿಕೊಂಡು ಹೋಗಿತ್ತು. ಲಾರಿಗಳು ಸಾಲುಗಟ್ಟಿ ನಿಂತಿದ್ದವು. ನಮ್ಮ ಗುಹೆಯ ಟಿಕೆಟ್ಟು ಅದೇ ಮಧ್ಯಾಹ್ನದ್ದು. ಬೇಸಿಗೆ ರಜೆಯಲ್ಲಿ ಆ ಟಿಕೆಟ್ಟು ಬಹಳ ಮುಂಚೆಯೇ ಕಾದಿರಿಸದಿದ್ದರೆ ಸಿಗುವುದಿಲ್ಲ, ಹೊತ್ತು ಮೀರಿದರೆ ಒಳಗೆ ಬಿಡುವುದೂ ಇಲ್ಲ. ಟಿಂಗ್ ಬಿಸಿಲಲ್ಲಿ ನಿಂತು ಕಂಡಕಂಡವರಿಗೆ ಫೋನು ಮಾಡಿದಳು, ಬೇಡಿಕೊಂಡಳು. ದಾರಿ ಬಿಡುವಷ್ಟರಲ್ಲಿ ಸೂರ್ಯ ಇಳಿದಿದ್ದ.

ಅವಳು ವ್ಯಾನಿನೊಳಗೆ ಬಂದು, “ಕ್ಷಮಿಸಿ, ಇವತ್ತು ಗುಹೆ ಆಗಲ್ಲ. ನಾಳೆ ಬೆಳಗ್ಗೆ ಅಂದಂದೇ ಕೊಡೋ ಟಿಕೆಟ್ಟಿಗೆ ಕ್ಯೂ ನಿಲ್ತೀನಿ, ಆದ್ರೆ ಮಾತು ಕೊಡೋಕಾಗಲ್ಲ,” ಎಂದಳು.

ಪಾಂಗ್ ಮೇಷ್ಟ್ರು ಎದ್ದೇ ನಿಂತರು. ತಲೆ ಛಾವಣಿಗೆ ಬಡಿಯಿತು. “ಗೊತ್ತಿತ್ತು ನಂಗೆ! ಗೈಡುಗಳೆಲ್ಲ ಒಂದೇ ಜಾತಿ. ಟಿಕೆಟ್ ಕಾದಿರಿಸೇ ಇರಲ್ಲ, ರಸ್ತೆ ನೆಪ ಹೇಳ್ತೀಯ. ಹಗಲುದರೋಡೆ ಇದು! ನಿನ್ನ ಕೆಲಸ ತೆಗೆಸ್ತೀನಿ ನೋಡ್ತಿರು!”

ಟಿಂಗ್ ತಲೆ ತಗ್ಗಿಸಿ ನಿಂತಳು. ಇಂಥ ಮಾತು ಅವಳಿಗೆ ಹೊಸದಲ್ಲ, ಆದರೆ ಅಮ್ಮನ ಎದುರಿಗೆ ಕೇಳಿಸಿಕೊಂಡದ್ದು ಹೊಸದು.

ಡೌ ಗುಯಿಫಾಂಗ್‌ಳ ಕುತ್ತಿಗೆಯಿಂದ ಕಿವಿಯವರೆಗೂ ಕೆಂಪೇರಿತು. “ಏನ್ರೀ ಮೇಷ್ಟ್ರೇ, ಮಳೇನೂ ಅವ್ಳೇ ಸುರಿಸಿದ್ಲಾ? ಬೆಳಗ್ಗೆಯಿಂದ ಹುಡುಗಿ ಬಾಯಿಗೆ ಒಂದು ತೊಟ್ಟು ನೀರು ಬಿದ್ದಿಲ್ಲ. ನೀವು ಕೂತಲ್ಲೇ ಕಲ್ಲಂಗಡಿ ತಿಂದಿರಲ್ಲ, ಆ ಲಾರಿಯವನ ಹತ್ರ ಕೇಳಿ ಇಸ್ಕೊಂಡು ಬಂದವಳು ಯಾರು?”

“ನಿಮಗ್ಯಾಕೆ ಅಷ್ಟು ಉರಿ? ನೀವೇನು ಅವ್ಳ ತಾಯಿನಾ?”

ಯೂ ಅಕ್ಕ ತಡೆಯಲಾರದೆ ಗೊಳ್ಳೆಂದು ನಕ್ಕಳು. “ಅಯ್ಯೋ ಮೇಷ್ಟ್ರೇ, ನಿಮಗಿನ್ನೂ ಗೊತ್ತಾಗಿಲ್ವಾ?”

ತಾಯಿ ಮಗಳು ಇಬ್ಬರೂ ಪೆಚ್ಚಾಗಿ ಎಲ್ಲರ ಮುಖ ನೋಡಿದರು. ಮದುಮಗಳು ತಲೆಯಾಡಿಸಿದಳು. ನಾನೂ ಕನ್ನಡಿಯಲ್ಲೇ ತಲೆಯಾಡಿಸಿದೆ.

ಆಗ ಮೇಷ್ಟ್ರ ಹೆಂಡತಿ ಗಂಡನ ಕೋಟು ಹಿಡಿದು ಕೆಳಗೆಳೆದರು. “ಕೂತ್ಕೊಳ್ಳಿ. ನನ್ನ ಈ ಕಣ್ಣಿಗೇ ಕಾಣಿಸ್ತು, ನಿಮಗೆ ಕಾಣಲಿಲ್ಲ.”

ಮೇಷ್ಟ್ರು ಕೂತರು. ಆಮೇಲೆ ಅವರೇ, ಯಾರನ್ನೂ ನೋಡದೆ, ಹೇಳಿದರು. ಹೆಂಡತಿ ಶಾಲೆಯಲ್ಲಿ ಚಿತ್ರಕಲೆ ಕಲಿಸಿದವರು. ಗುಹೆಯ ಚಿತ್ರಗಳನ್ನು ಪುಸ್ತಕ ನೋಡಿ ಮಕ್ಕಳಿಗೆ ಬರೆಸುತ್ತಿದ್ದರಂತೆ, ಒಮ್ಮೆಯೂ ಬಂದು ನೋಡಿರಲಿಲ್ಲ. ಈಗ ಎರಡು ಕಣ್ಣೂ ಅಂಚಿನಿಂದ ಮಸುಕಾಗುತ್ತಾ ಬಂದಿವೆ. ಚಳಿಗಾಲದ ಹೊತ್ತಿಗೆ ಎಷ್ಟು ಉಳಿಯುತ್ತದೋ ಹೇಳಲಾಗದು ಎಂದಿದ್ದರಂತೆ ವೈದ್ಯರು.

“ಕಿಟಕಿ ಗಾಜು ಒಂದಾದ್ರೂ ಚೊಕ್ಕಟವಾಗಿರ್ಲಿ ಅಂತಷ್ಟೇ,” ಎಂದರು.

ಟಿಂಗ್ ಒಂದು ಬಾಟಲಿ ನೀರು ತೆಗೆದು ಅವರ ಕೈಗಿಟ್ಟಳು. ನಾನು ಗಾಡಿ ಹೊರಡಿಸಿದೆ.

ಮರುದಿನ ಬೆಳಕು ಹರಿಯುವ ಮುಂಚೆ ಅವಳನ್ನು ಟಿಕೆಟ್ಟಿನ ಕಿಟಕಿಗೆ ಕರೆದೊಯ್ಯಲು ವ್ಯಾನು ತೆಗೆದರೆ, ಡೌ ಗುಯಿಫಾಂಗ್ ಆಗಲೇ ಒಳಗೆ ಕೂತಿದ್ದಳು. ಮಡಿಲಲ್ಲಿ ಬಿಸಿನೀರಿನ ಫ್ಲಾಸ್ಕು.

“ಮಲಕ್ಕೋ ಹೋಗಮ್ಮ,” ಎಂದಳು ಟಿಂಗ್.

“ಇಬ್ರು ಇದ್ರೆ ಒಬ್ರು ಉಚ್ಚೆಗಾದ್ರೂ ಹೋಗಬಹುದು. ನಡಿ.”

ಸಾಲು ಆಗಲೇ ಬೆಳೆದಿತ್ತು. ನಾನು ದೂರದಿಂದ ನೋಡುತ್ತಿದ್ದೆ. ಮೊದಲು ಇಬ್ಬರೂ ಬೆನ್ನಿಗೆ ಬೆನ್ನು ಮಾಡಿ ನಿಂತಿದ್ದರು. ಆಮೇಲೆ ಟಿಂಗ್ ಅಮ್ಮನ ಭುಜಕ್ಕೆ ತಲೆಯೊರಗಿಸಿ ನಿಂತಲ್ಲೇ ತೂಕಡಿಸಿದಳು. ಯಾರೋ ಒಬ್ಬ ಸಂದಿಯಲ್ಲಿ ನುಗ್ಗಲು ನೋಡಿದಾಗ ಡೌ ಗುಯಿಫಾಂಗ್ ಅಲುಗಾಡದೆ, ಬರೀ ಬಾಯಿಂದಲೇ ಅವನನ್ನು ಸಾಲಿನ ತುದಿಗೆ ಅಟ್ಟಿದಳು. ತಿಯಾನ್‌ಶುಯಿ ಕಡೆಯ ಬೈಗುಳ ಎಷ್ಟು ಖಾರವೆಂದು ನನಗೆ ತಿಳಿದದ್ದು ಅಂದೇ.

ಅವರ ಸರದಿ ಬಂದಾಗ ಉಳಿದದ್ದು ಮೂರು ಟಿಕೆಟ್ಟು.

ತಿಂಡಿಗೆ ಕೂತಾಗ ಟಿಂಗ್ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಯೂ ಅಕ್ಕ ಮೊಟ್ಟೆಯ ಸಿಪ್ಪೆ ಸುಲಿಯುತ್ತಾ, “ನಮಗೆ ಗುಹೆ ಗಿಹೆ ಬೇಡಮ್ಮ. ಮರಳು ದಿಬ್ಬದ ಮೇಲೆ ಹಳದಿ ಸ್ಕಾರ್ಫ್ ಹಾಕ್ಕೊಂಡು ಒಂಟೆ ಹತ್ತಬೇಕು, ಅಷ್ಟೇ,” ಎಂದಳು. ಅವಳ ಗೆಳತಿಯ ಮುಖ ಒಂದು ಕ್ಷಣ ಬಾಡಿತು, ಆದರೂ ಅವಳು ಹೂಂಗುಟ್ಟಿದಳು. ಹೊಸ ಜೋಡಿ, ತಾವು ಚಿಕ್ಕವರು, ಇನ್ನೊಮ್ಮೆ ಬರಬಹುದು ಎಂದಿತು. ಮೂರನೆಯ ಟಿಕೆಟ್ಟನ್ನು ಮೇಷ್ಟ್ರ ಹೆಂಡತಿ ಡೌ ಗುಯಿಫಾಂಗ್‌ಳ ಕೈಯಲ್ಲಿಟ್ಟರು.

“ನೀವು ಬನ್ನಿ ಅಕ್ಕ. ಇವರಿಗೆ ಬಣ್ಣ ಗೊತ್ತಾಗಲ್ಲ.”

ಒಳಗೆ ಏನಾಯಿತೆಂದು ನಾವು ನೋಡಲಿಲ್ಲ. ಟಿಂಗ್ ಮತ್ತು ನಾನು ಹೊರಗೆ ಮರದ ನೆರಳಿನಲ್ಲಿ ಕಾದೆವು. ಆಮೇಲೆ ಡೌ ಗುಯಿಫಾಂಗ್ ಹೇಳಿದ್ದು ಇಷ್ಟು. ಗುಹೆಯಲ್ಲಿ ಕತ್ತಲೆ, ಅಲ್ಲಿಯ ಹುಡುಗಿಯೊಬ್ಬಳು ಟಾರ್ಚು ಹಿಡಿದು ಒಂದೊಂದು ಗೋಡೆ ತೋರಿಸುತ್ತಿದ್ದಳು. ಬೆಳಕು ಬಿದ್ದಷ್ಟು ಜಾಗ ಮೇಷ್ಟ್ರ ಹೆಂಡತಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಬೆಳಕು ಸರಿದೊಡನೆ ಅವರು ಇವಳ ಕೈ ಹಿಡಿದು, “ಅಂಚಲ್ಲಿ ಏನಿದೆ?” ಎಂದು ಕೇಳುತ್ತಿದ್ದರು. ಡೌ ಗುಯಿಫಾಂಗ್‌ಳಿಗೆ ಬುದ್ಧನ ಕಥೆ ಒಂದೂ ಗೊತ್ತಿಲ್ಲ. “ಹಸಿರು ಲಂಗ ಅಕ್ಕ, ಮಾಸಿದ ಹಸಿರು, ಸೊಂಟದ ಹತ್ರ ನೆರಿಗೆ ಒತ್ತೊತ್ತಾಗಿ ಹಿಡಿದಿದಾರೆ, ಕೆಳಗೆ ಬಿಟ್ಟಿದಾರೆ, ಗಾಳಿಗೆ ಹಾರ್ತಿದೆ,” ಎಂದು ಹೇಳುತ್ತಾ ಹೋದಳು. ಒಂದು ಕಡೆ ಮೇಷ್ಟ್ರ ಹೆಂಡತಿ, “ಹೌದು, ಹೌದು, ಇದನ್ನ ಬರೆಸಿದೀನಿ,” ಎಂದು ಸಣ್ಣಗೆ ನಕ್ಕರಂತೆ.

ಅವರು ಹೊರಗೆ ಬಂದಾಗ ಬಿಸಿಲಿಗೆ ಮೂವರೂ ಕಣ್ಣು ಕಿರಿದಾಗಿಸಿದ್ದರು. ಪಾಂಗ್ ಮೇಷ್ಟ್ರು ನೇರವಾಗಿ ಟಿಂಗ್ ಹತ್ತಿರ ಬಂದು ನಿಂತು, ಏನೋ ಹೇಳಲು ಹೊರಟು, “ಒಳಗೆ ತುಂಬ ಜನ,” ಎಂದು ಹೇಳಿ ವ್ಯಾನು ಹತ್ತಿದರು. ಅವಳಿಗೆ ಅಷ್ಟೇ ಸಾಕಾಯಿತು.

ಉಳಿದ ದಾರಿಯಲ್ಲಿ ಟಿಂಗ್ ಅಮ್ಮನನ್ನು ಅಮ್ಮಾ ಎಂದೇ ಕರೆದಳು. ಅದರಿಂದ ಜಗಳ ಹೆಚ್ಚೇ ಆಯಿತು. ಸ್ವೆಟರ್ ಹಾಕಿಕೋ, ನಿಂತು ಉಣ್ಣಬೇಡ, ಫೋನಿನಲ್ಲಿ ಅಷ್ಟು ನಯವಾಗಿ ಮಾತಾಡಬೇಡ, ಜನ ಸಲಿಗೆ ತೆಗೆದುಕೊಳ್ಳುತ್ತಾರೆ. ಮದುವೆಯ ಮಾತೂ ಬಂತು. ಆಗ ಮಾತ್ರ ಟಿಂಗ್ ಹಾಡು ಜೋರು ಮಾಡಿದಳು.

ಶೀನಿಂಗ್ ರೈಲು ನಿಲ್ದಾಣಕ್ಕೆ ಬಂದಾಗ ಟಿಂಗ್ ಮುಂದಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಮಿಕ್ಕವರೆಲ್ಲ ಇಳಿದಾಗಿತ್ತು. ಡೌ ಗುಯಿಫಾಂಗ್ ಎಬ್ಬಿಸಬೇಡ ಎಂದು ನನಗೆ ಸನ್ನೆ ಮಾಡಿ, ತಾನೇ ಪೆಟ್ಟಿಗೆ ಇಳಿಸಿಕೊಂಡಳು.

“ತುವೋ ತಮ್ಮ, ಆ ಬಂಡೆ ರಸ್ತೇಲಿ ನಿಧಾನಕ್ಕೆ ಓಡ್ಸು. ಅವ್ಳು ನಿದ್ದೇಲಿ ಕತ್ತು ಉಳುಕಿಸ್ಕೋತಾಳೆ.”

“ಆಯ್ತಕ್ಕ. ಏನನ್ನಿಸ್ತು ಪ್ರವಾಸ?”

“ಕಾಲು ನೋವು. ಊಟ ಪರವಾಗಿಲ್ಲ. ಗೈಡು ಸಣ್ಣಗಾಗಿದಾಳೆ,” ಎಂದು ಹೇಳಿ ಜನರ ನಡುವೆ ಹೋದಳು.

ಅಮ್ಮ ಹೇಳದೆ ಹೋದಳೆಂದು ಟಿಂಗ್ ಎದ್ದು ನನ್ನ ಮೇಲೆ ರೇಗಿದಳು. ಎರಡು ವಾರದ ಮೇಲೆ, ನಾವು ಇನ್ನೊಂದು ಗುಂಪಿನೊಡನೆ ಬೆಟ್ಟ ಹತ್ತುತ್ತಿದ್ದಾಗ, ಅವಳಿಗೆ ಫೋನು ಬಂತು. ಅಮ್ಮನ ದನಿ ನನಗೂ ಕೇಳಿಸುವಷ್ಟು ಜೋರಾಗಿತ್ತು.

“ಸೆಪ್ಟೆಂಬರ್‌ನಲ್ಲಿ ನಮ್ಮೂರಿಂದ ಆರು ಹೆಂಗಸರು ಬರ್ತಾರಂತೆ ಕಣೇ. ನಿಮ್ಮತ್ತೇನೂ ಬರ್ತಾಳಂತೆ. ನನ್ನ ಮಗಳ ಗಾಡೀಲೇ ಹೋಗಿ ಅಂತ ಹೇಳಿದೀನಿ. ರೇಟು ಸ್ವಲ್ಪ ನೋಡಿ ಹೇಳು.”

“ಅತ್ತೆನೂ ಬರ್ತಾಳಾ?” ಟಿಂಗ್ ನೆಟ್ಟಗೆ ಕೂತಳು. “ಅವ್ಳಿಗೇನಂತ ಹೇಳ್ದೆ?”

“ಏನ್ ಹೇಳೋದು? ಇದ್ದಿದ್ದು ಹೇಳ್ದೆ. ಅವ್ಳಿಗೆ ಮುಂದಿನ ಸೀಟು ಮಾತ್ರ ಕೊಡಬೇಡ, ವಾಂತಿ ಮಾಡ್ತಾಳೆ.”

ಟಿಂಗ್ ನಗುತ್ತಾ ಫೋನು ಇಟ್ಟು, ಮೈಕು ಕೈಗೆತ್ತಿಕೊಂಡು, ಮುಂದೆ ಬರುವ ಕಣಿವೆಯ ಹೆಸರು ಹೇಳತೊಡಗಿದಳು.